ಕಚ್ಚಾ ವಹಿಯೊಂದು ಜೊತೆಗಿರಲಿ

ನನ್ನ ಹತ್ತಿರ ಎರಡು ನೋಟ್‌ಬುಕ್‌ಗಳಿವೆ. ಒಂದು ಇನ್ನೂರು ಪುಟದ್ದು, ಗಟ್ಟಿ ರಟ್ಟಿನದು. ಅದರ ಮೊದಲ ಪುಟದಲ್ಲಿ ಕೆಂಪು ಪೆನ್ನಿನಿಂದ ‘ಪ್ರಬಂಧಗಳು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಇನ್ನೊಂದು ಅಂಗಿ ಕಿಸೆಯಲ್ಲಿ ಹಿಡಿಯುವಷ್ಟು ಸಣ್ಣದು. ಹತ್ತು ರೂಪಾಯಿಯದು. ಮೂಲೆಗಳು ಮಡಚಿವೆ, ಒಂದು ಬದಿಗೆ ಚಹಾದ ಕಲೆ ಇದೆ. ಮೊದಲನೆಯದನ್ನು ಯಾರಾದರೂ ಕೇಳಿದರೆ ತೋರಿಸುತ್ತೇನೆ, ಎರಡನೆಯದನ್ನು ತೋರಿಸುವುದಿಲ್ಲ. ಆದರೆ ಬರೆಯುವ ಅಭ್ಯಾಸವನ್ನು ನನಗೆ ಉಳಿಸಿಕೊಟ್ಟದ್ದು ಆ ಎರಡನೆಯದೇ. ಕಾಲೇಜಿನಲ್ಲಿರುವವರಿಗೆ, ನನ್ನಂತೆ ಪರೀಕ್ಷೆಯ ಮೇಲೆ ಪರೀಕ್ಷೆ ಕಟ್ಟುತ್ತಿರುವವರಿಗೆ, ಅದರ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿದೆ.

ಮೊದಲು ದೊಡ್ಡ ನೋಟ್‌ಬುಕ್ಕಿನ ಕಥೆ. ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಕುಳಿತಾಗ ಅದನ್ನು ಕೊಂಡೆ. ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಪ್ರಬಂಧಕ್ಕೆಂದೇ 250 ಅಂಕಗಳ ಪತ್ರಿಕೆಯಿದೆ. ಪಿಎಸ್‌ಐ ಪರೀಕ್ಷೆಯಲ್ಲೂ ಪ್ರಬಂಧ ಬರೆಯಬೇಕು. ವಾರಕ್ಕೊಂದು ಬರೆದರೆ ವರ್ಷಕ್ಕೆ ಐವತ್ತು ಪ್ರಬಂಧ ಎಂದು ಲೆಕ್ಕ ಹಾಕಿದ್ದೆ. ಮೊದಲ ತಿಂಗಳು ನಾಲ್ಕು ಬರೆದೆ. ಎರಡನೇ ತಿಂಗಳು ಒಂದು. ಆಮೇಲೆ ಬರೇ ಶೀರ್ಷಿಕೆಗಳು. ಶೀರ್ಷಿಕೆ ಬರೆದು, ಕೆಳಗೆ ಎರಡು ಗೆರೆ ಎಳೆದು, ಪೆನ್ನಿನ ಮುಚ್ಚಳ ಹಾಕುತ್ತಿದ್ದೆ. ‘ಇನ್ನೂ ಸ್ವಲ್ಪ ಓದಬೇಕು, ಅಂಕಿಅಂಶ ಕೂಡಿಸಬೇಕು, ಆಮೇಲೆ ಸರಿಯಾಗಿ ಬರೆದರಾಯಿತು’ ಎಂಬುದು ನನ್ನ ನೆಪ. ಸರಿಯಾಗಿ ಬರೆಯುವ ಆ ದಿನ ಬರಲೇ ಇಲ್ಲ.

ಆ ಶೀರ್ಷಿಕೆಗಳಲ್ಲಿ ಒಂದು ಮಾತ್ರ ನನ್ನನ್ನು ಇವತ್ತಿಗೂ ಕಾಡುತ್ತದೆ: ‘ಹಗೇವು: ನಮ್ಮ ಹಿರಿಯರ ಧಾನ್ಯ ಸಂಗ್ರಹ’.

ನಮ್ಮೂರು ಶಿರಗುಪ್ಪಿ, ಹುಬ್ಬಳ್ಳಿ ತಾಲ್ಲೂಕಿನ ಎರಿ ಹೊಲದ ಸೀಮೆ. ಹಿಂದೆ ಈ ಕಡೆ ಜೋಳವನ್ನು ನೆಲದೊಳಗೆ ತೋಡಿದ ಹಗೇವಿನಲ್ಲಿ ಇಡುತ್ತಿದ್ದರು. ನಮ್ಮ ಆಯಿ ಸಣ್ಣಾಕಿ ಇದ್ದಾಗ ಅವರ ಮನೆಯಲ್ಲೂ ಒಂದಿತ್ತಂತೆ. ರಾತ್ರಿ ಊಟವಾದ ಮೇಲೆ ಕಟ್ಟೆಯ ಮೇಲೆ ಕುಳಿತು ಅವಳು ಅದರ ಬಗ್ಗೆ ಹೇಳುತ್ತಿದ್ದಳು. ಬಾಯಿ ತೆರೆದ ಕೂಡಲೇ ಒಳಗೆ ಇಳಿಯಬಾರದು, ಮೊದಲು ದೀಪ ಇಳಿಬಿಟ್ಟು ನೋಡಬೇಕು, ದೀಪ ಆರಿದರೆ ಯಾರೂ ಇಳಿಯಬಾರದು ಎಂದು ಹೇಳಿದ್ದು ನೆನಪಿದೆ. ಮುಚ್ಚಿಟ್ಟ ಕಾಳು ಉಸಿರಾಡಿ ಆಮ್ಲಜನಕವನ್ನು ಕಡಿಮೆ ಮಾಡುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಹುಳು ಸಾಯುವುದೂ ಅದರಿಂದಲೇ, ಎಚ್ಚರ ತಪ್ಪಿ ಇಳಿದ ಮನುಷ್ಯ ಸಾಯುವುದೂ ಅದರಿಂದಲೇ. ಆಯಿಗೆ ಇದು ಪುಸ್ತಕವಿಲ್ಲದೆ ಗೊತ್ತಿತ್ತು. ಕೇಳಿ ಖುಷಿಯಾಗಿ, ಇದರ ಮೇಲೆ ಒಂದು ಗಟ್ಟಿ ಪ್ರಬಂಧ ಬರೆಯಬೇಕೆಂದು ಶೀರ್ಷಿಕೆ ಹಾಕಿದೆ. ಎರಡು ಗೆರೆಯನ್ನೂ ಎಳೆದೆ.

ಅಷ್ಟೇ. ಆಯಿ ಹೋಗಿ ಎರಡು ವರ್ಷವಾಯಿತು. ಗೋಡೆಗೆ ಏನು ಹಚ್ಚುತ್ತಿದ್ದರು, ಕಾಳಿನ ಮೇಲೆ ಏನು ಹಾಕಿ ಮುಚ್ಚುತ್ತಿದ್ದರು, ಒಳಗೆ ನೀರು ಇಳಿದರೆ ಮೇಲಿನಿಂದಲೇ ಹೇಗೆ ಗುರುತಿಸುತ್ತಿದ್ದರು ಎಂಬುದನ್ನೆಲ್ಲ ಅವಳು ಹೇಳಿದ್ದಳು. ಹೇಳಿದ್ದಳು ಎಂಬುದು ನೆನಪಿದೆ, ಏನು ಹೇಳಿದ್ದಳು ಎಂಬುದು ನೆನಪಿಲ್ಲ. ಅದಕ್ಕೊಂದು ವಾಸನೆಯ ಹೆಸರೂ ಇತ್ತು. ಆ ಶಬ್ದ ನಾಲಗೆಯ ತುದಿಗೆ ಬರುತ್ತದೆ, ಹೊರಗೆ ಬರುವುದಿಲ್ಲ. ಆ ರಾತ್ರಿಯೇ ಒಂದು ಚೀಟಿಯಲ್ಲಿ ಮೂರು ಸಾಲು ಗೀಚಿಟ್ಟಿದ್ದರೆ ಸಾಕಿತ್ತು. ಆದರೆ ಮೂರು ಸಾಲು ಬರೆಯುವ ಜಾಗ ನನ್ನ ಹತ್ತಿರ ಇರಲಿಲ್ಲ. ಇದ್ದದ್ದು ‘ಪ್ರಬಂಧಗಳು’ ಎಂಬ ಗಟ್ಟಿ ರಟ್ಟಿನ ನೋಟ್‌ಬುಕ್ ಒಂದೇ, ಅದರಲ್ಲಿ ಅಂಥ ಸಣ್ಣ ಮಾತಿಗೆ ಪ್ರವೇಶವಿರಲಿಲ್ಲ.

ಈ ತಪ್ಪು ನನಗೆ ಅರ್ಥವಾದದ್ದು ಓದಿನಿಂದ ಅಲ್ಲ. ಮನೆಯ ಖರ್ಚಿಗೆ ಕೈಗೂಡಲಿ ಎಂದು ಅಮರಗೋಳದ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಗೆ ಲೆಕ್ಕ ಬರೆಯಲು ಹೋಗತೊಡಗಿದೆ. ಅಲ್ಲಿಯ ದಿವಾನಜಿ ಹಳೆಯ ಕಾಲದವರು. ಮೊದಲ ದಿನವೇ ಒಂದು ಉದ್ದನೆಯ ವಹಿ ಕೈಗಿಟ್ಟರು. ಮೂಲೆ ಹರಿದಿತ್ತು, ಒಳಗೆ ಹೊಡೆದುಹಾಕಿದ್ದು, ತಿದ್ದಿದ್ದು, ಎಣ್ಣೆ ಕೈಯ ಗುರುತು. ಚೀಲ ಎಷ್ಟು ಬಂದವು, ತೂಕ ಎಷ್ಟು, ಯಾರು ಮುಂಗಡ ಒಯ್ದರು, ಹಮಾಲರಿಗೆ ಚಹಾಕ್ಕೆ ಎಷ್ಟು ಕೊಟ್ಟೆವು, ಎಲ್ಲ ಅದರಲ್ಲಿ. ಸಂಜೆ ಅದನ್ನು ನೋಡಿಕೊಂಡು ಕಿರ್ದಿ ಬರೆಯಬೇಕು. ಕಿರ್ದಿಯಿಂದ ಒಬ್ಬೊಬ್ಬರ ಖಾತೆಗೆ ಎತ್ತಬೇಕು. ಈಗ ಕಂಪ್ಯೂಟರ್ ಇದೆ, ಟ್ಯಾಲಿ ಇದೆ, ಜಿಎಸ್‌ಟಿ ಲೆಕ್ಕವೂ ಇದೆ. ಆದರೂ ಆ ಕಚ್ಚಾ ವಹಿ ಮೇಜಿನ ಮೇಲಿಂದ ಹೋಗಿಲ್ಲ.

ನಾನು ಜಾಣತನ ತೋರಿಸಲು ಹೋಗಿ, ‘ಇದೆಲ್ಲ ಯಾಕ್ರೀ, ನೇರ ಕಂಪ್ಯೂಟರಿಗೇ ಹಾಕಿದ್ರಾತಲ್ಲ?’ ಎಂದೆ. ದಿವಾನಜಿ ಕನ್ನಡಕದ ಮೇಲಿನಿಂದ ನೋಡಿ, ‘ತಮ್ಮಾ, ಸವಾಲು ನಡೆದಾಗ ಅಕ್ಷರ ಚಂದ ಮಾಡ್ಕೋತ ಕುಂತ್ರ ಚೀಲ ನಿಲ್ಲತಾವೇನು? ಕಚ್ಚಾದಾಗ ಬರೀದಿದ್ದದ್ದು ಪಕ್ಕಾದಾಗ ಎಲ್ಲಿಂದ ಬರತೈತಿ?’ ಎಂದರು.

ಅವರು ಹೇಳಿದ್ದು ಮೆಣಸಿನಕಾಯಿ ಚೀಲದ ಬಗ್ಗೆ. ನನಗೆ ನೆನಪಾದದ್ದು ಹಗೇವು. ಅವತ್ತು ಸಂಜೆ ಬಸ್ ಹಿಡಿಯುವ ಮೊದಲು ಆ ಹತ್ತು ರೂಪಾಯಿಯ ನೋಟ್‌ಬುಕ್ ಕೊಂಡೆ.

ಆಮೇಲೆ ಗೊತ್ತಾದದ್ದೆಂದರೆ, ಈ ಹೋಲಿಕೆ ನನಗಿಂತ ಮೊದಲು ಒಬ್ಬ ಜರ್ಮನ್ ವಿಜ್ಞಾನಿಗೆ ಹೊಳೆದಿತ್ತು. ಲಿಖ್ಟೆನ್‌ಬರ್ಗ್ (1742–1799) ಎಂಬ ಆತ ಗಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕ. ವಿದ್ಯುದಾವೇಶ ಇರುವ ಕಡೆ ಪುಡಿ ಅಂಟಿಕೊಂಡು ಚಿತ್ರ ಮೂಡುವುದನ್ನು 1777ರಲ್ಲಿ ಕಂಡುಕೊಂಡವನು. ನಾವು ನೋಟ್ಸ್ ಝೆರಾಕ್ಸ್ ಮಾಡಿಸುತ್ತೇವಲ್ಲ, ಆ ಯಂತ್ರದ ಬುಡದಲ್ಲಿ ಇರುವುದು ಇದೇ ತತ್ವ. ಇಂಗ್ಲಿಷ್ ವ್ಯಾಪಾರಿಗಳು ದಿನದ ಕೊಡು-ಕೊಳ್ಳುವಿಕೆಯನ್ನೆಲ್ಲ ಮೊದಲು ಒಂದು ಒರಟು ಪುಸ್ತಕದಲ್ಲಿ ಗೀಚಿ, ಆಮೇಲೆ ಕ್ರಮವಾಗಿ ಲೆಕ್ಕಕ್ಕೆ ಏರಿಸುವುದನ್ನು ಕಂಡು, ವಿದ್ಯೆ ಕಲಿಯುವವನಿಗೂ ಅಂಥದ್ದೊಂದು ಬೇಕು ಎಂದು ಅವನಿಗೆ ಅನಿಸಿತು. ಹೊಳೆದದ್ದು, ಕೇಳಿದ್ದು, ಚೇಷ್ಟೆಯ ಮಾತು, ಅರ್ಧ ವಿಚಾರ ಎಲ್ಲವನ್ನೂ ಅಂಥ ಪುಸ್ತಕಗಳಲ್ಲಿ ವರ್ಷಗಟ್ಟಲೆ ಬರೆದ. ಅವು ಅಚ್ಚಾದದ್ದು ಅವನು ತೀರಿದ ಮೇಲೆ. ಇವತ್ತು ಸಾಹಿತ್ಯದ ಓದುಗರು ಅವನನ್ನು ನೆನೆಯುವುದು ಆ ಗೀಚು ಪುಸ್ತಕಗಳಿಂದಲೇ.

ನಮ್ಮ ಕನ್ನಡದಲ್ಲಿಯೂ ದೊಡ್ಡ ಕೆಲಸದ ಪಕ್ಕದಲ್ಲಿ ಹಗುರ ಕೆಲಸಕ್ಕೊಂದು ಜಾಗ ಮಾಡಿಕೊಂಡವರು ಇದ್ದಾರೆ. ಜಿ.ಪಿ. ರಾಜರತ್ನಂ ಕನ್ನಡ ಅಧ್ಯಾಪಕರು, ಪಾಲಿ ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದ ವಿದ್ವಾಂಸರು. ಅದೇ ಕೈ ಕುಡುಕ ರತ್ನನ ಆಡುಮಾತಿನಲ್ಲಿ ‘ರತ್ನನ ಪದಗಳು’ ಬರೆಯಿತು, ಮಕ್ಕಳಿಗೆ ಪುಟ್ಟ ಪದ್ಯಗಳನ್ನೂ ಕೊಟ್ಟಿತು. ಅವರ ವಿದ್ವತ್ತಿನ ಪುಸ್ತಕಗಳ ಹೆಸರು ಹೇಳಲು ನಮ್ಮಲ್ಲಿ ಎಷ್ಟೋ ಜನ ತಡವರಿಸುತ್ತೇವೆ, ರತ್ನನನ್ನು ಮಾತ್ರ ಮರೆತಿಲ್ಲ. ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ ವೃತ್ತಿಯಲ್ಲಿ ವೈದ್ಯರು. ಅವರೇ 1942ರಲ್ಲಿ ‘ಕೊರವಂಜಿ’ ಎಂಬ ನಗೆ ಪತ್ರಿಕೆ ತೆಗೆದು 1967ರವರೆಗೆ ನಡೆಸಿದರು. ಆರ್.ಕೆ. ಲಕ್ಷ್ಮಣ್ ಹೆಸರಾಗುವ ಮೊದಲು ಅದರಲ್ಲಿ ಚಿತ್ರ ಬರೆದವರು. ಪಿ. ಲಂಕೇಶ್ 1980ರಲ್ಲಿ ‘ಲಂಕೇಶ್ ಪತ್ರಿಕೆ’ ಶುರು ಮಾಡಿದ ಮೇಲೆ ವಾರವಾರವೂ ರಾಜಕಾರಣದ ಮೇಲೆ ಖಾರವಾಗಿ ಬರೆದರು. ಅದೇ ಪತ್ರಿಕೆಯ ಮೂಲೆಯಲ್ಲಿ ‘ನೀಲು’ ಎಂಬ ಹೆಸರಿನಲ್ಲಿ ಕೆಲವೇ ಸಾಲಿನ ಪದ್ಯಗಳೂ ಬರುತ್ತಿದ್ದವು. ಸಂಪಾದಕ ಲಂಕೇಶ್ ಹೇಳಲಾಗದ್ದನ್ನು ನೀಲು ಹೇಳುತ್ತಿದ್ದಳು.

ಇವೆಲ್ಲ ನುರಿತ ಕೈಯ ಕೆಲಸ, ನನ್ನ ಕಿಸೆಯ ಗೀಚಾಟಕ್ಕೆ ಹೋಲಿಸುವಂಥದ್ದಲ್ಲ ಎಂಬುದು ನನಗೆ ಗೊತ್ತು. ನಾನು ಹೇಳುವುದು ಇಷ್ಟೇ: ಮನುಷ್ಯನಿಗೆ ಒಂದಕ್ಕಿಂತ ಹೆಚ್ಚು ದನಿ ಇರುತ್ತವೆ. ಎಲ್ಲವನ್ನೂ ಒಂದೇ ಪುಸ್ತಕದಲ್ಲಿ ತುರುಕಲು ಹೋದರೆ ಗಂಭೀರ ದನಿಯ ಎದುರು ಉಳಿದವು ಬಾಯಿ ಮುಚ್ಚಿಕೊಳ್ಳುತ್ತವೆ. ಕೊನೆಗೆ ಗಂಭೀರ ದನಿಗೂ ಹೇಳಲು ಏನೂ ಉಳಿಯುವುದಿಲ್ಲ.

ನಮ್ಮ ಕಡೆಯವರಿಗೆ ಇದರಲ್ಲಿ ಇನ್ನೊಂದು ತೊಡಕು ಉಂಟು. ದೊಡ್ಡ ನೋಟ್‌ಬುಕ್ ತೆರೆದ ಕೂಡಲೇ ನಾವು ನಮ್ಮ ಭಾಷೆ ಬಿಡುತ್ತೇವೆ. ‘ಮಳಿ ಬರವಲ್ತು’ ಎನ್ನುವ ಹುಡುಗ ‘ಮಳೆಯ ಅಭಾವವು ಕಂಡುಬರುತ್ತಿದೆ’ ಎಂದು ಬರೆಯುತ್ತಾನೆ. ಪರೀಕ್ಷೆಗೆ ಗ್ರಾಂಥಿಕ ಭಾಷೆ ಬೇಕು, ಅದನ್ನು ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಂಡದ್ದನ್ನು ಆ ಭಾಷೆಗೆ ತಿರುಗಿಸುವ ಹೊತ್ತಿಗೆ ಅದರ ಬಿಸಿ ಆರಿರುತ್ತದೆ. ಇಲ್ಲೇ ಧಾರವಾಡದ ಬೇಂದ್ರೆ ಮನೆಮಾತಿನಲ್ಲೇ ಅಷ್ಟೆತ್ತರದ ಕಾವ್ಯ ಕಟ್ಟಿದರು. ಹಲಸಂಗಿಯ ಗೆಳೆಯರು, ಎಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ ಮುಂತಾದ ಹಳ್ಳಿಯ ತರುಣರು, ಬೀಸುವ ಕುಟ್ಟುವ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದಿಟ್ಟದ್ದರಿಂದಲೇ ‘ಗರತಿಯ ಹಾಡು’ ಪುಸ್ತಕವಾಯಿತು. ಅದು ಬರೆಯುವಂಥದ್ದಲ್ಲ ಎಂದು ಅವರು ಅಂದುಕೊಂಡಿದ್ದರೆ ಆ ಹಾಡುಗಳ ಗತಿಯೂ ನಮ್ಮ ಆಯಿಯ ಹಗೇವಿನ ಗತಿಯೇ ಆಗುತ್ತಿತ್ತು. ಇಂಥ ಹಿರಿಯರಿದ್ದ ಸೀಮೆಯಲ್ಲಿ ನಾವು ನಮ್ಮ ಸ್ವಂತ ನೋಟ್‌ಬುಕ್ಕಿನಲ್ಲೂ ನಮ್ಮ ಮಾತಿಗೆ ನಾಚಿಕೊಳ್ಳುತ್ತೇವೆ.

ಸಣ್ಣ ವಹಿಯಲ್ಲಿ ನಾನು ನಾಚಿಕೊಳ್ಳುವುದಿಲ್ಲ. ನಮೂನೆಗೆ ಒಂದಿಷ್ಟು ಇಲ್ಲಿ ಕೊಡುತ್ತೇನೆ. ತೋರಿಸುವುದಿಲ್ಲ ಎಂದಿದ್ದೆ, ಇದೊಂದು ಸಲ ಮಾಫಿ ಇರಲಿ.

‘ಬಸ್ಸಿನಾಗ ಕಂಡಕ್ಟರ್ ನಾಕು ರೂಪಾಯಿ ಚಿಲ್ಲರ ಇಲ್ಲ ಅಂದ. ಮುದುಕ, ಹಂಗಾರ ನಾಕು ರೂಪಾಯಿಯಷ್ಟು ಮುಂದ ಒಯ್ದು ಇಳಸು ಅಂದ. ಬಸ್ಸೆಲ್ಲ ನಕ್ಕಿತು. ಕಂಡಕ್ಟರನೂ ನಕ್ಕು ಚಿಲ್ಲರ ಹುಡುಕಿ ಕೊಟ್ಟ.’

‘ಮೆಣಸಿನಕಾಯಿ ಚೀಲ ಬಿಚ್ಚಿದಾಗ ಸೀನೂದು ಹೊಸಬರು. ಹಮಾಲರು ಸೀನೂದಿಲ್ಲ. ನಂದು ಮೂರನೇ ವಾರಕ್ಕ ನಿಂತಿತು. ಇದು ಚಲೋನೋ ಕೆಟ್ಟೋ ಗೊತ್ತಾಗಲಿಲ್ಲ.’

‘ಗ್ರಂಥಾಲಯದಾಗ ಇಪ್ಪತ್ತು ಮಂದಿ ಒಂದೇ ಪುಸ್ತಕ ಓದಾಕತ್ತೇವಿ. ಹುದ್ದೆ ಎಷ್ಟು ಅದಾವು ಅಂತ ಊಟಕ್ಕ ಹೋದಾಗ ಯಾರೂ ಮಾತಾಡೂದಿಲ್ಲ.’

‘ಹೆಸರು ಬಿಡಸಾಕ ಆಳು ಸಿಗವಲ್ರು. ಅವ್ವ, ಓದಿದವನ ಕೈಗೆ ಕಾಯಿ ಬಿಡಸಾಕ ಬರತೈತೋ ಇಲ್ಲೋ ನೋಡೂಣು ಅಂದ್ಲು. ಬಂತು. ಬೆನ್ನು ನೋವೂ ಬಂತು.’

ಇಷ್ಟೇ. ಇದರಲ್ಲಿ ಸಾಹಿತ್ಯವಿಲ್ಲ, ಸಿದ್ಧಾಂತವಿಲ್ಲ. ಆದರೆ ಇದೆಲ್ಲ ನಾನು ಕಂಡದ್ದು, ಬೇರೆ ಯಾರ ಗೈಡಿನಲ್ಲೂ ಇಲ್ಲದ್ದು.

ಗೆಳೆಯನೊಬ್ಬ ಇದನ್ನು ಕೇಳಿ ಬೈದ. ‘ಲೇ, ಒಂದು ನೋಟ್‌ಬುಕ್ ತುಂಬಸಾಕ ಆಗವಲ್ದು, ಎರಡನೇದು ಬ್ಯಾರೆ ಯಾಕಲೇ? ಎರಡು ದೋಣಿ ಮ್ಯಾಲೆ ಕಾಲಿಟ್ಟಂಗ ಆತು.’ ಅವನ ಮಾತನ್ನು ತಳ್ಳಿಹಾಕುವಂತಿಲ್ಲ. ಓದುವವರ ಹೊತ್ತು ಬಂಗಾರ. ಮನೆಯವರು ಹೊಟ್ಟೆ ಬಟ್ಟೆ ಕಟ್ಟಿ ಓದಿಸುತ್ತಿರುವಾಗ ಬಸ್ಸಿನಲ್ಲಿ ಕೇಳಿದ ಜೋಕು ಬರೆದುಕೊಂಡು ಕೂರುವುದು ಸೋಮಾರಿತನದ ಹೊಸ ರೂಪವೂ ಆಗಬಹುದು. ಅದಕ್ಕೇ ನಾನು ಕೆಲವು ಕಟ್ಟುಪಾಡು ಹಾಕಿಕೊಂಡಿದ್ದೇನೆ. ದಿನಕ್ಕೆ ಐದು ಸಾಲಿಗಿಂತ ಹೆಚ್ಚು ಬರೆಯುವುದಿಲ್ಲ. ಅದಕ್ಕೆಂದು ಬೇರೆ ಹೊತ್ತು ಕೊಡುವುದಿಲ್ಲ. ಬಸ್ಸಿಗೆ ಕಾಯುವಾಗ, ಚಹಾ ಬರುವುದರೊಳಗೆ ಮುಗಿಯಬೇಕು. ತಾರೀಖು ಮತ್ತು ಜಾಗ ತಪ್ಪದೆ ಹಾಕುತ್ತೇನೆ. ಚಂದ ಮಾಡಲು ತಿದ್ದುವುದಿಲ್ಲ. ರವಿವಾರ ಸಂಜೆ ಒಮ್ಮೆ ಓದಿ, ಮುಂದುವರಿಸಬಹುದಾದ ಒಂದಕ್ಕೆ ಗುರುತು ಹಾಕುತ್ತೇನೆ. ಅದು ದೊಡ್ಡ ನೋಟ್‌ಬುಕ್ಕಿಗೆ ಹೋಗುತ್ತದೆ. ಉಳಿದದ್ದು ಅಲ್ಲೇ ಇರುತ್ತದೆ, ಹಮಾಲರ ಚಹಾದ ಲೆಕ್ಕದ ಹಾಗೆ.

‘ಅದಕ್ಕ ವಾಟ್ಸ್‌ಆ್ಯಪ್ ಸ್ಟೇಟಸ್ ಐತೆಲ್ಲ’ ಎಂದವರೂ ಇದ್ದಾರೆ. ಒಂದು ತಿಂಗಳು ಅದನ್ನೂ ಮಾಡಿ ನೋಡಿದೆ. ಮೊದಲ ವಾರ ನಾನು ಕಂಡದ್ದನ್ನು ಬರೆದೆ. ಎರಡನೇ ವಾರದಿಂದ ಎಷ್ಟು ಮಂದಿ ನೋಡಿದರು ಎಂದು ಎಣಿಸತೊಡಗಿದೆ. ಮೂರನೇ ವಾರಕ್ಕೆ, ಜಾಸ್ತಿ ಮಂದಿ ನೋಡುವಂಥದ್ದನ್ನೇ ಹುಡುಕತೊಡಗಿದೆ. ಬಸ್ಸಿನ ಮುದುಕನ ಬಾಯಲ್ಲಿ ಅವನು ಆಡದ ಮಾತನ್ನೂ ಇಡತೊಡಗಿದಾಗ ನನಗೇ ಅಸಹ್ಯವಾಯಿತು. ಅದು ಮತ್ತೊಂದು ‘ಪ್ರಬಂಧಗಳು’ ನೋಟ್‌ಬುಕ್ ಆಗಿತ್ತು, ಅಂಕ ಹಾಕುವವರು ಬೇರೆ ಅಷ್ಟೇ. ಅದೂ ಅಲ್ಲದೆ ಸ್ಟೇಟಸ್ 24 ತಾಸಿಗೆ ಅಳಿಸಿಹೋಗುತ್ತದೆ. ಉಳಿಯಲಿ ಎಂದು ಬರೆಯುವವನಿಗೆ ಅಳಿಯುವ ಗೋಡೆ ಯಾಕೆ? ಫೋನಿನಲ್ಲಿ ಬರೆಯಬಾರದು ಎಂದಲ್ಲ. ಫೋನಿನ ನೋಟ್ಸ್‌ನಲ್ಲಿ ಬರೆದರೂ ನಡೆದೀತು. ಮಂದಿ ನೋಡುವ ಕಡೆ ಕಚ್ಚಾ ಬರೆಯಲು ಆಗುವುದಿಲ್ಲ, ನನ್ನ ಅನುಭವ ಇಷ್ಟೇ.

ಇದರಿಂದ ದೊಡ್ಡ ನೋಟ್‌ಬುಕ್ಕಿಗೆ ಏನು ಲಾಭವಾಯಿತು ಎಂದು ಕೇಳಬಹುದು. ಕೃಷಿಯ ಮೇಲಿನ ನನ್ನ ಹಳೆಯ ಮೂರು ಪ್ರಬಂಧಗಳೂ ‘ಕೃಷಿಯು ಭಾರತದ ಬೆನ್ನೆಲುಬು’ ಎಂದೇ ಶುರುವಾಗುತ್ತಿದ್ದವು. ಕಳೆದ ಶ್ರಾವಣದಲ್ಲಿ ಹೊಲದ ಕೂಲಿಯ ಸಮಸ್ಯೆಯ ಮೇಲೆ ಬರೆಯುವಾಗ, ಬೆನ್ನೆಲುಬಿನ ಬದಲು ನನ್ನ ಬೆನ್ನು ನೋವು ನೆನಪಾಯಿತು. ಹೆಸರಿನ ಸಾಲಿನಲ್ಲಿ ಬಗ್ಗಿ ನಿಂತ ಹೆಂಗಸರು, ಊರಿನ ತರುಣರು ಕೆಲಸಕ್ಕೆಂದು ಹುಬ್ಬಳ್ಳಿ ಬಸ್ ಹತ್ತುವುದು, ಮಳೆ ಹಿಡಿದುಕೊಂಡರೆ ಬಿಡಿಸುವವರಿಲ್ಲದೆ ಕಾಯಿ ಗಿಡದಲ್ಲೇ ಕೆಡುವುದು, ಇದರಿಂದ ಶುರು ಮಾಡಿ ಅಂಕಿಅಂಶಕ್ಕೆ ಹೋದೆ. ಭಾಷೆಯನ್ನು ಗ್ರಾಂಥಿಕಕ್ಕೆ ತಿದ್ದಿದೆ. ಆದರೆ ಒಳಗಿನ ಕಾಳು ನನ್ನದೇ ಆಗಿತ್ತು. ಒಂದೂವರೆ ತಾಸಿನಲ್ಲಿ ಪ್ರಬಂಧ ಮುಗಿಯಿತು. ಮುಗಿದದ್ದೇ ನನಗೆ ದೊಡ್ಡ ಸಂಗತಿ.

ಅಂಕ ಹೆಚ್ಚು ಬರುತ್ತವೆ ಎಂದು ನಾನು ಯಾರಿಗೂ ಆಸೆ ತೋರಿಸುವುದಿಲ್ಲ. ನನಗೇ ಇನ್ನೂ ನೌಕರಿ ಸಿಕ್ಕಿಲ್ಲ. ಸಣ್ಣ ವಹಿ ನೌಕರಿ ಕೊಡಿಸುವ ಮಂತ್ರವಲ್ಲ. ಆದರೆ ಈ ಕಾಯುವ ವರ್ಷಗಳಿವೆಯಲ್ಲ, ಅರ್ಜಿ ಮತ್ತು ಅಧಿಸೂಚನೆಯ ನಡುವಿನ ವರ್ಷಗಳು, ಅವುಗಳ ಬಗ್ಗೆ ಒಂದು ಮಾತು ಹೇಳಬಲ್ಲೆ. ಈ ಅವಧಿಯಲ್ಲಿ ನಾವು ಬದುಕುವುದನ್ನೇ ಮುಂದಕ್ಕೆ ಹಾಕಿಬಿಡುತ್ತೇವೆ. ಎಲ್ಲ ನೌಕರಿ ಸಿಕ್ಕ ಮೇಲೆ: ಊರಿನ ಬಗ್ಗೆ ಬರೆಯುವುದು, ಅಜ್ಜನನ್ನು ಮಾತನಾಡಿಸುವುದು, ಕಂಡದ್ದಕ್ಕೆ ನಗುವುದು. ನಾಳೆ ಪಕ್ಕಾ ವಹಿಯಲ್ಲಿ ಚಂದ ಅಕ್ಷರದಲ್ಲಿ ಬರೆಯುತ್ತೇವೆ ಎಂದು ಇವತ್ತಿನ ಚೀಲಗಳನ್ನು ಎಣಿಸದೆ ಬಿಡುತ್ತೇವೆ. ಈ ವರ್ಷಗಳೂ ನಮ್ಮ ಆಯುಷ್ಯದ ಲೆಕ್ಕಕ್ಕೇ ಸೇರುತ್ತವೆ. ಅವುಗಳ ಲೆಕ್ಕವನ್ನು ಎಲ್ಲಾದರೂ ಒಂದು ಕಡೆ ಇಡಬೇಕು.

ಕಳೆದ ತಿಂಗಳು ಅಂಗಡಿಯಲ್ಲಿ ಒಬ್ಬ ವಯಸ್ಸಾದ ಹಮಾಲರಿಗೆ ಹಗೇವಿನ ಬಗ್ಗೆ ಕೇಳಿದೆ. ಅವರು ಅಣ್ಣಿಗೇರಿ ಕಡೆಯವರು. ಚೀಲದ ಮೇಲೆ ಕುಳಿತು, ಬೀಡಿ ಆರುವವರೆಗೆ ಹೇಳಿದರು. ಜೋಳದ ಕಣಕಿಯನ್ನು ಗೋಡೆಗೆ ಒತ್ತಾಗಿ ನಿಲ್ಲಿಸುತ್ತಿದ್ದರಂತೆ, ಮೇಲೆ ಹೊಟ್ಟು ಹಾಕಿ ಮಣ್ಣು ಮುಚ್ಚುತ್ತಿದ್ದರಂತೆ. ನಾನು ಕಿಸೆಯಿಂದ ವಹಿ ತೆಗೆದು ಅವರ ಮಾತಿನಲ್ಲೇ ಬರೆದುಕೊಂಡೆ. ‘ಇದನ್ನೂ ಬರೀತಾರೇನೋ ತಮ್ಮಾ?’ ಎಂದು ನಕ್ಕರು. ವಾಸನೆಯ ಆ ಶಬ್ದ ಅವರಿಗೂ ಗೊತ್ತಿರಲಿಲ್ಲ. ಅವರ ಊರಿನಲ್ಲಿ ಇನ್ನೂ ಹಿರಿಯರೊಬ್ಬರಿದ್ದಾರಂತೆ, ಬರುವ ರವಿವಾರ ಹೋಗುವವನಿದ್ದೇನೆ.

ದೊಡ್ಡ ನೋಟ್‌ಬುಕ್ಕಿನಲ್ಲಿ ಎರಡು ಗೆರೆಯ ಕೆಳಗೆ ಖಾಲಿ ಬಿದ್ದಿದ್ದ ಆ ಪುಟದಲ್ಲಿ ಈಗ ಒಂದೂವರೆ ಪುಟದಷ್ಟು ಬರಹವಿದೆ. ಆಯಿ ಹೇಳಿದ್ದರಲ್ಲಿ ದೀಪದ ಮಾತೊಂದೇ ಅದರಲ್ಲಿದೆ, ಉಳಿದದ್ದು ಬೇರೆಯವರದು. ನಿಮ್ಮ ಮನೆಯಲ್ಲಿ ಹೇಳುವವರು ಇನ್ನೂ ಇದ್ದರೆ ನೀವು ನನಗಿಂತ ಪುಣ್ಯವಂತರು. ಹತ್ತು ರೂಪಾಯಿಯದೊಂದು ವಹಿ ತೆಗೆದುಕೊಂಡು ಇವತ್ತು ರಾತ್ರಿಯೇ ಕಟ್ಟೆಗೆ ಹೋಗಿ ಕುಳಿತುಕೊಳ್ಳಿ. ಅಕ್ಷರ ಸೊಟ್ಟಾದರೂ ಚಿಂತೆಯಿಲ್ಲ.